ಮದಾಮವ್ವನ ಎಡೆ

ಇದು ಆಗುವ ಮಾತಲ್ಲ ಎಂದವರು ನನ್ನ ಸೋದರಮಾವ, ಬಸಣ್ಣ ಮಾಮಾ. ಹೇಳಿದ್ದು ಅಮೆರಿಕದ ಪಾರ್ಸಿಪನಿ ಊರಿನ ಆ ಹಳೆಯ ಮನೆಯ ಊಟದ ಮೇಜಿನ ಮುಂದೆ, ಕೈಯಲ್ಲಿ ರೊಟ್ಟಿಯ ತುಣುಕು ಹಿಡಿದುಕೊಂಡು, ನನ್ನನ್ನು ನೋಡದೆ ಅವ್ವನನ್ನು ನೋಡುತ್ತ.

"ಖಾನಾವಳಿಯವರ ಮಗಳು ಕಾಲೇಜ್ ಮೆಟ್ಟಲಾ ಹತ್ತೋದ ದೊಡ್ಡದು. ಅದರಾಗ ಚಿತ್ರದ ಬಗ್ಗೆ ಓದ್ತಾಳಂತ! ಅದೂ ಯಾರೋ ಒಬ್ಬ ಫ್ರೆಂಚ್ ಮುದುಕಿ ಬಗ್ಗೆ! ಅಕ್ಕಾ, ಬರೆದಿಟ್ಕೋ, ಇದು ಈ ಜನ್ಮದಾಗ ಆಗೂದಿಲ್ಲ."

ಅವ್ವ ಬರೆದಿಟ್ಟುಕೊಳ್ಳಲಿಲ್ಲ. ಅವಳಿಗೆ ಬರೆಯಲು ಬರುತ್ತಿರಲಿಲ್ಲ. ತಮ್ಮನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ಒಳಗೆ ಹೋದಳು. ನನ್ನ ಹಟಕ್ಕೆ ಕಾರಣ ಆ ಫ್ರೆಂಚ್ ಮುದುಕಿ ಎಂದು ಮಾಮಾನಿಗೆ ಗೊತ್ತಿತ್ತು. ಆ ಮುದುಕಿ ನಮ್ಮ ಮನೆಯೊಳಗೆ ಹೇಗೆ ಬಂದಳೆಂಬುದು ಅವರಿಗೆ ಗೊತ್ತಿರಲಿಲ್ಲ. ಅದನ್ನೇ ಇಲ್ಲಿ ಹೇಳಬೇಕಾಗಿದೆ.

ಗದಗಿನ ಬಸ್ ಸ್ಟ್ಯಾಂಡಿನ ಹಿಂದಿನ ಖಾನಾವಳಿಯನ್ನು ಮುಚ್ಚಿ ನಾವು ನ್ಯೂಜೆರ್ಸಿಗೆ ಬಂದದ್ದು ಮಾಮಾನ ಕಂಪನಿಗಾಗಿ. ಎರಡು ಸಾವಿರನೆಯ ಇಸವಿ ಹುಟ್ಟಿದೊಡನೆ ಕಂಪ್ಯೂಟರುಗಳೆಲ್ಲ ಕೆಟ್ಟು ನಿಲ್ಲುತ್ತವೆ ಎಂದು ಅಮೆರಿಕ ಹೆದರಿ ಕುಳಿತಿದ್ದ ಕಾಲ. ಮಾಮಾ ಬೆಂಗಳೂರು, ಮೈಸೂರು, ಧಾರವಾಡಗಳಿಂದ ಹುಡುಗರನ್ನು ಕರೆಸಿ, ಪ್ರಾಜೆಕ್ಟ್ ಸಿಗುವವರೆಗೆ ಒಂದೇ ಮನೆಯಲ್ಲಿ ಇರಿಸುತ್ತಿದ್ದರು. ಅದಕ್ಕೆ ಗೆಸ್ಟ್ ಹೌಸ್ ಎಂದು ಹೆಸರು. ಆ ಹುಡುಗರಿಗೆ ಅನ್ನ ಬೇಯಿಸಲು ಅವ್ವ, ಅವರನ್ನು ಇಂಟರ್ವ್ಯೂಗೆ ಒಯ್ಯಲು ವ್ಯಾನಿನೊಂದಿಗೆ ಅಪ್ಪ, ತಟ್ಟೆ ತೊಳೆಯಲು ಮತ್ತು ಶಾಲೆಗೆ ಹೋಗಲು ನಾನು. ನಮ್ಮ ಪೇಪರ್ಸ್ ಎಲ್ಲ ಮಾಮಾನೇ ಮಾಡಿಸಿದ್ದರು. ಆ ಋಣ ನಮ್ಮ ಮೇಲಿತ್ತು. ಅದಕ್ಕೇ ಅವರ ಮಾತಿಗೆ ಮನೆಯಲ್ಲಿ ಎದುರು ಮಾತು ಇರಲಿಲ್ಲ.

ಮನೆ ಕೆರೆಯ ದಂಡೆಯಲ್ಲಿತ್ತು. ಮರದ ಮನೆ, ಮರದ ನೆಲ. ಯಾರೂ ನಡೆಯದಿದ್ದರೂ ಒಂದೊಂದು ಹಲಗೆ ಕಿರ್ ಎನ್ನುತ್ತಿತ್ತು. ಒಗ್ಗರಣೆಯ ಹೊಗೆ ಅಡರಿದ ಮೇಲೂ ಗೋಡೆಗಳಿಂದ ಪೇಂಟಿನ ಎಣ್ಣೆಯ ವಾಸನೆ ಬಿಟ್ಟು ಹೋಗಿರಲಿಲ್ಲ. ಯಾವ ಕೋಣೆಗೆ ಹೋದರೂ ಗೋಡೆಯ ಮೇಲೆ ಚಿತ್ರ, ಯಾವ ಚಿತ್ರದಲ್ಲಿ ನೋಡಿದರೂ ಊಟದ ಮೇಜು. ಬಿಳಿ ಬಟ್ಟೆ ಹಾಸಿದ ಮೇಜು, ತಟ್ಟೆಗಳು, ಅರ್ಧ ಕತ್ತರಿಸಿದ ಬ್ರೆಡ್, ನೀರಿನ ಹೂಜಿ, ಕುರ್ಚಿಗಳು. ಮನುಷ್ಯರು ಮಾತ್ರ ಒಬ್ಬರೂ ಇಲ್ಲ. ನಮ್ಮ ಹುಡುಗರು ಆ ಚಿತ್ರಗಳ ಕೆಳಗೆ ಕುಳಿತು ಉಣ್ಣುತ್ತಿದ್ದರು. ಅವರಲ್ಲಿ ಮೈಸೂರಿನ ಶ್ರೀಧರ ಎಂಬಾತ, ಎಲ್ಲರಿಗಿಂತ ಹೆಚ್ಚು ಕಾಲ ಪ್ರಾಜೆಕ್ಟ್ ಸಿಗದೆ ಉಳಿದವನು, ಒಂದು ದಿನ ತುತ್ತು ಬಾಯಿಗಿಡದೆ ಗೋಡೆ ನೋಡುತ್ತ ಕುಳಿತ.

"ಅಮ್ಮಾ, ನಿನ್ನೆ ಆ ಮೂಲೆ ಕುರ್ಚಿ ಮೇಜಿಗೆ ತಾಗಿಕೊಂಡಿತ್ತು. ಇವತ್ತು ನೋಡಿ, ಯಾರೋ ಎದ್ದು ಹೋದ ಹಾಗಿದೆ."

"ಕೆಲಸಿಲ್ದ ಕೂತ ಕೂತ ನಿನಗ ತಲಿ ತಿರಗೇತಿ. ಉಣ್ಣು ಸುಮ್ನ" ಎಂದಳು ಅವ್ವ. ಆದರೆ ಆಮೇಲೆ ಅವಳೂ ಹೋಗಿ ನೋಡಿದಳು. ನಾನೂ ನೋಡಿದೆ. ಕುರ್ಚಿ ನಿಜಕ್ಕೂ ಹೊರಕ್ಕೆ ಸರಿದಂತಿತ್ತು. ನಿನ್ನೆ ಹೇಗಿತ್ತೋ ನನಗೆ ನೆನಪಿರಲಿಲ್ಲ.

ಮಾಳಿಗೆಯ ಮೇಲೆ ಒಂದೇ ಕೋಣೆ. ಅಲ್ಲಿರುವುದು ಮನೆಯ ಮಾಲೀಕರ ಸಾಮಾನು, ಮುಟ್ಟಬೇಡಿ ಎಂದು ಮಾಮಾ ಹೇಳಿದ್ದರು. ಅವ್ವ ಮುಟ್ಟಲಿಲ್ಲ, ಕಸ ಹೊಡೆದಳು. ಕಸ ಹೊಡೆಯದ ಕೋಣೆ ಮನೆಯಲ್ಲಿ ಇರಬಾರದೆಂಬುದು ಅವಳ ಶಾಸ್ತ್ರ. ಅವಳ ಹಿಂದೆ ನಾನೂ ಹತ್ತಿದೆ. ದಕ್ಷಿಣದ ಗೋಡೆಯ ಮೇಲೆ ಆಳೆತ್ತರದ ಚಿತ್ರ. ಬಿಳಿ ಕೂದಲನ್ನು ಬಿಗಿದು ಕಟ್ಟಿದ, ಕಡುನೀಲಿ ಕೋಟಿನ ಮುದುಕಿ. ಎರಡೂ ಕೈಯಲ್ಲಿ ಒಂದು ಖಾಲಿ ತಟ್ಟೆ ಹಿಡಿದು ನಮ್ಮ ಕಡೆ ಚಾಚಿದ್ದಾಳೆ. ನೀಡು ಎನ್ನುವ ಹಾಗೆ. ಚೌಕಟ್ಟಿನ ಮೇಲೆ ಒಣಗಿದ ಹೂವಿನ ಗೊಂಚಲು ಸಿಕ್ಕಿಸಿತ್ತು. ಕೆಳಗಿನ ಸ್ಟೂಲಿನ ಮೇಲೆ ಉರಿದು ಮುಗಿದ ಮೇಣದ ಬತ್ತಿಗಳು. ಕೋಣೆಯ ಯಾವ ಮೂಲೆಗೆ ಹೋಗಿ ನಿಂತರೂ ಆ ತಟ್ಟೆ ನಮ್ಮ ಕಡೆಗೇ ಇರುತ್ತಿತ್ತು.

"ಈ ಮನಿ ಹಿರೇಮನಶಿ ಈಕಿ. ತೀರ್ಕೊಂಡಾಳ" ಎಂದಳು ಅವ್ವ.

"ಹೌ ಡೂ ಯೂ ನೋ?" ಆಗ ನಾನು ಅಲ್ಲಿಯ ಶಾಲೆಗೆ ಹೋಗಿ ಇಂಗ್ಲಿಷಿನಲ್ಲೇ ಉತ್ತರ ಕೊಡುವುದನ್ನು ಕಲಿತಿದ್ದೆ.

"ಜೀವಂತ ಇದ್ದೋರು ತಮ್ಮ ಫೋಟೋ ತಾವ ಇಷ್ಟು ದೊಡ್ಡದು ಮಾಡಿ ಗ್ವಾಡಿಗೆ ಹಾಕ್ಕೊಂತಾರೇನು? ಹೂವು ನೋಡು, ದೀಪ ನೋಡು. ಪಾಪ, ತಾಟು ಹಿಡಕೊಂಡ ಹೋಗ್ಯಾಳ. ಉಣ್ಣೂದು ಬಾಕಿ ಐತಿ ಆಕಿದು."

ನಮ್ಮೂರಲ್ಲಿ ಬದುಕಿದ್ದವರ ಫೋಟೋ ಟ್ರಂಕಿನಲ್ಲಿ ಇರುತ್ತದೆ. ಸತ್ತ ಮೇಲೆಯೇ ಅದು ದೊಡ್ಡದಾಗಿ, ಚೌಕಟ್ಟು ಕಟ್ಟಿಸಿಕೊಂಡು, ಹಾರ ಹಾಕಿಸಿಕೊಂಡು ಗೋಡೆ ಏರುವುದು. ಒಬ್ಬ ಕಲಾವಿದೆ ಕನ್ನಡಿಯ ಮುಂದೆ ಕುಳಿತು ತನ್ನ ಚಿತ್ರವನ್ನು ತಾನೇ ಬರೆದುಕೊಂಡಾಳೆಂಬುದು ನಮ್ಮ ಏಳು ತಲೆಮಾರಿನಲ್ಲಿ ಯಾರೂ ಕೇಳಿದ್ದಲ್ಲ. ಮಾಮಾನನ್ನು ವಿಚಾರಿಸಬಹುದಿತ್ತು. ಅವರಿಗಾದರೂ ಮನೆ ಕೊಡಿಸಿದ ಏಜೆಂಟನೊಬ್ಬನೇ ಗೊತ್ತು. ಅವ್ವನಿಗೆ ಅನುಮಾನವೇ ಇಲ್ಲದ್ದರಿಂದ ಯಾರನ್ನೂ ಕೇಳಲಿಲ್ಲ. ಹೀಗೆ ಎಲ್ಲೋ ಉಸಿರಾಡುತ್ತಿದ್ದ ಹೆಂಗಸೊಬ್ಬಳು ನಮ್ಮ ಮನೆಯ ಮಟ್ಟಿಗೆ ಸತ್ತಳು.

ಆ ವರ್ಷದ ಮಾನಮಿ ಅಮಾವಾಸ್ಯೆಗೆ ಅವ್ವ ಎಡೆ ಹಿಡಿದಳು. ಅಂದು ನಮ್ಮಲ್ಲಿ ಹಿರಿಯರಿಗೆ ಊಟ ನೀಡುವ ದಿನ. ಅವರು ಉಂಡ ಮೇಲೆ ಮನೆಯವರ ಊಟ. ಅಜ್ಜ-ಅಜ್ಜಿಯರ ಫೋಟೋದ ಮುಂದೆ ಒಂದು ಎಡೆ ಇಟ್ಟು, ಇನ್ನೊಂದನ್ನು ಮಾಳಿಗೆಗೆ ಒಯ್ದಳು. ಪರರ ಮನೆಯಲ್ಲಿ ಒಲೆ ಹಚ್ಚಿದ್ದೇವೆ, ಆ ಮನೆಯ ಹಿರಿಯರನ್ನು ಉಪವಾಸ ಇಟ್ಟರೆ ನಮಗೆ ಆಗಿಬರುತ್ತದೆಯೇ ಎಂಬುದು ಅವಳ ಲೆಕ್ಕ. ಎಡಿಸನ್ ಊರಿನ ಇಂಡಿಯನ್ ಅಂಗಡಿಯಿಂದ ತಂದ, ಹಿಮ ಬಿಟ್ಟ ಬಾಳೆಎಲೆಯನ್ನು ಚಿತ್ರದ ಮುಂದಿನ ಗಿಡ್ಡ ಮೇಜಿನ ಮೇಲೆ ಹಾಸಿದಳು. ಎಡಮೇಲೆ ಉಪ್ಪು, ಪಕ್ಕದಲ್ಲಿ ಶೇಂಗಾ ಚಟ್ನಿ, ಕೋಸಂಬರಿ, ಎಣ್ಣೆಗಾಯಿ, ನಡುವೆ ಅನ್ನ, ಅದರ ಬದಿಗೆ ತುಪ್ಪ ಸುರಿದ ಹೋಳಿಗೆ. ಮುದುಕಿಯ ಹಣೆಗೆ ಕುಂಕುಮ ಹಚ್ಚಿ ಪ್ಲಾಸ್ಟಿಕ್ಕಿನ ಮಲ್ಲಿಗೆ ಹಾರ ಹಾಕಿದಳು. ಬಾಗಿಲು ಮುಚ್ಚಿ ನಾವಿಬ್ಬರೂ ಮೆಟ್ಟಿಲ ಮೇಲೆ ಕುಳಿತೆವು. ಹಿರಿಯರು ಉಣ್ಣುವಾಗ ಯಾರೂ ನೋಡಬಾರದು. ಒಳಗೆ ಹೋಗುವ ಮುನ್ನ ಕೆಮ್ಮಬೇಕು. ಸ್ವಲ್ಪ ಹೊತ್ತಿನ ಮೇಲೆ ಕೆಮ್ಮಿ ಬಾಗಿಲು ತೆರೆದಾಗ ಎಲ್ಲ ಇಟ್ಟಲ್ಲೇ ಇತ್ತು. ಅನ್ನದ ಹಬೆ ಆರಿತ್ತು, ಅಷ್ಟೆ.

ಎರಡನೆಯ ವರ್ಷದ ಅಮಾವಾಸ್ಯೆ. ಕೆರೆಯ ಸುತ್ತ ಎಲೆಗಳೆಲ್ಲ ಕೆಂಪು, ಹಳದಿ. ನಡು ಮಧ್ಯಾಹ್ನ. ಎಡೆ ಇಟ್ಟು, ಬಾಗಿಲು ಮುಚ್ಚಿ, ಅದೇ ಮೆಟ್ಟಿಲ ಮೇಲೆ ಕುಳಿತಿದ್ದೆವು. ಕೆಳಗಿನಿಂದ ಶ್ರೀಧರ ಕೂಗಿದ.

"ಅಮ್ಮಾ, ಅಜ್ಜೀದು ಊಟ ಆಯ್ತಾ? ಇಲ್ಲಿ ನಮ್ಮ ಹೊಟ್ಟೆ ತಾಳ ಹಾಕ್ತಿದೆ!"

"ಹಿರೇರು ಉಣ್ಣಾಕತ್ಯಾರ. ಬಾಯಿ ಮುಚ್ಚು, ಹುಚ್ಚಪ್ಪ!"

ಹಾಗೆಂದ ಅವ್ವನ ಬಾಯಿ ಹಾಗೇ ನಿಂತಿತು. ಒಳಗೆ ಕುರ್ಚಿ ಎಳೆದ ಸದ್ದು. ನೆಲದ ಹಲಗೆ ಕಿರ್ ಎಂದಿತು. ಆಮೇಲೆ ಏನೂ ಇಲ್ಲ. ಆಮೇಲೆ ಒಂದು ಸಣ್ಣ ಕೆಮ್ಮು. ಕೆಮ್ಮಿದ್ದು ನಾವಲ್ಲ. ಅವ್ವ ನನ್ನ ಮಣಿಕಟ್ಟು ಹಿಡಿದಳು, ಬಳೆ ಚುಚ್ಚುವಷ್ಟು. ಓಡಬಹುದಿತ್ತು. ಆದರೆ ಎಡೆ ಹಿಡಿದವರು ಎಡೆ ತೆಗೆಯದೆ ಓಡುವಂತಿಲ್ಲ. ಅವಳು ಶಾಸ್ತ್ರದಂತೆ ತಾನೂ ಕೆಮ್ಮಿ ಬಾಗಿಲು ತಳ್ಳಿದಳು.

ಗೋಡೆಯ ಮೇಲೆ ಕುಂಕುಮ ಹಚ್ಚಿಕೊಂಡು, ಹಾರ ಹಾಕಿಕೊಂಡು ಆಕೆ ನಿಂತಿದ್ದಳು. ಅದರ ಕೆಳಗೆ, ಅದೇ ಕಡುನೀಲಿ ಕೋಟಿನಲ್ಲಿ, ಅದೇ ಬಿಗಿದ ಬಿಳಿ ಕೂದಲಿನಲ್ಲಿ, ಆಕೆಯೇ ಎಲೆಯ ಮುಂದೆ ಕುಳಿತು ಹೋಳಿಗೆ ತಿನ್ನುತ್ತಿದ್ದಳು. ಬೆರಳಿಗೆಲ್ಲ ತುಪ್ಪ. ಅವ್ವ ಚೀರಲಿಲ್ಲ. ಕೈ ಜೋಡಿಸಿದಳು, ಜೋಡಿಸಿದ ಹಾಗೆಯೇ ಬಾಗಿಲ ಚೌಕಟ್ಟಿಗೆ ಒರಗಿ ಮೆಲ್ಲಗೆ ಕೆಳಗೆ ಕುಸಿದಳು. ಮುದುಕಿ ಬಾಯಲ್ಲಿದ್ದುದನ್ನು ಅಗಿದು ನುಂಗಿ, ಗಂಟಲೊಳಗಿನ ಫ್ರೆಂಚ್ ದನಿಯ ಇಂಗ್ಲಿಷಿನಲ್ಲಿ ನನಗೆ ಹೇಳಿದಳು:

"ನಿನ್ನ ತಾಯಿಗೆ ಹೆದರಬೇಡ ಎನ್ನು. ನನಗೆ ಊಟ ಹಾಕುತ್ತಿರುವವರು ಯಾರೆಂದು ನೋಡಲು ಬಂದೆ."

ಬೇರೆಲ್ಲದಕ್ಕೂ ಉತ್ತರ ಬೇಗನೆ ಸಿಕ್ಕಿತು. ಆಕೆ ಸೊಲಾಂಜ್ ಕೆರ್ವೆನ್, ಆ ಮನೆಯ ಒಡತಿ, ಚಿತ್ರಗಳನ್ನೆಲ್ಲ ಬರೆದಾಕೆ. ಸೊಂಟ ಮುರಿದ ಮೇಲೆ ಗಂಡನ ಕಡೆಯ ಸೋದರಳಿಯ ಆಕೆಯನ್ನು ನರ್ಸಿಂಗ್ ಹೋಮಿಗೆ ಸೇರಿಸಿ ಮನೆ ಬಾಡಿಗೆಗೆ ಬಿಟ್ಟಿದ್ದ. ಆ ಕೋಣೆಗೆ ಹಿತ್ತಲಿನಿಂದ ಬೇರೆ ಮೆಟ್ಟಿಲು, ಬೇರೆ ಬಾಗಿಲು, ಅದರ ಕೀಲಿ ಆಕೆಯ ಕೋಟಿನ ಜೇಬಿನಲ್ಲಿ. ಬಣ್ಣದ ಪೆಟ್ಟಿಗೆ ಬೇಕೆಂದು ಹೇಳಿ ಹೊರಟು ಬಂದಿದ್ದಳು. ಕರೆತಂದ ನರ್ಸಮ್ಮ ಆಕೆಯನ್ನು ಕೈ ಹಿಡಿದು ಮೆಟ್ಟಿಲು ಹತ್ತಿಸಿ, ಕೆಳಗೆ ಕಾರಿನಲ್ಲಿ ಕುಳಿತಿದ್ದಳು. ಆದರೆ ಊಟ ಹಾಕುತ್ತಿರುವವರನ್ನು ನೋಡಲು ಬಂದೆ ಎಂಬ ಆ ಒಂದು ಮಾತು ಮಾತ್ರ ಇವತ್ತಿಗೂ ಬಗೆಹರಿದಿಲ್ಲ. ಹಿಂದಿನ ವರ್ಷ ಇದೇ ಎಲೆ ಉದುರುವ ಕಾಲದಲ್ಲಿ ಒಂದು ದಿನ ಆಕೆ ಊಟ ಬೇಡವೆಂದಳಂತೆ, ಹೊಟ್ಟೆ ತುಂಬಿದೆ ಎಂದಳಂತೆ. ಬಾಯಲ್ಲಿ ಸುಟ್ಟ ಸಕ್ಕರೆಯ, ಬೆಣ್ಣೆ ಕಾಸಿದ ರುಚಿ. ಈ ದಿನ ಬೆಳಿಗ್ಗೆ ಎದ್ದಾಗ ಅದೇ ರುಚಿ ಮತ್ತೆ ಬಂತಂತೆ. ಬೆಳಿಗ್ಗೆ ಅವ್ವ ಹೂರಣಕ್ಕೆ ಬೆಲ್ಲ ಕುದಿಸುತ್ತಿದ್ದಳು. ಶ್ರೀಧರ ಅದನ್ನು ಕೇಳಿ ನನ್ನ ಕಡೆ ತಿರುಗಿ, "ವಯಸ್ಸಾಗಿದೆ, ಮರೆವಿನ ಕಾಯಿಲೆ ಇರುತ್ತೆ ಬಿಡೆ, ನೀಲಾ" ಎಂದ. ಅಂದು ಅವನೂ ಒಂದೇ ಹೋಳಿಗೆ ತಿಂದು ಎದ್ದ.

ಬದುಕಿದ್ದವಳಿಗೆ ಸತ್ತವರ ಊಟ ಹಾಕಿಬಿಟ್ಟೆನಲ್ಲ, ಆಯುಷ್ಯ ಕಳೆದೆನಲ್ಲ ಎಂದು ಅವ್ವ ಎರಡು ದಿನ ಅನ್ನ ಮುಟ್ಟಲಿಲ್ಲ. ಕಡೆಗೆ ಅಪ್ಪನೇ ದಾರಿ ತೋರಿಸಿದ.

"ಕಾಗಿ ತಲಿಗೆ ಬಡದರ ಬೀಗರಿಗೆ ಸತ್ತಾರಂತ ಸುಳ್ಳ ಸುದ್ದಿ ಕಳಸ್ತಾರಲ್ಲ, ಹಂಗ ತಿಳಿ. ಸುಳ್ಳ ಸಾವು ಬಂದ್ರ ಖರೇ ಸಾವು ದೂರ ಹೋಕ್ಕೈತಿ. ಹೋಗು, ಜೀವಂತ ಊಟ ಉಣಿಸಿ ಬಾ."

ಅಂದಿನಿಂದ ಪ್ರತಿ ಭಾನುವಾರ ಅಪ್ಪನ ವ್ಯಾನಿನಲ್ಲಿ ನಾವು ನರ್ಸಿಂಗ್ ಹೋಮಿಗೆ ಹೋದೆವು. ಅವ್ವ ಹಾಲಿನಲ್ಲಿ ನೆನೆಸಿದ ರೊಟ್ಟಿಯನ್ನು ತನ್ನ ಕೈಯಾರೆ ತಿನ್ನಿಸುತ್ತಿದ್ದಳು, ಮದಾಮ್ ಎಂಬುದಕ್ಕೆ ಅವ್ವ ಸೇರಿಸಿ ಮದಾಮವ್ವ ಎಂದು ಕರೆಯುತ್ತಿದ್ದಳು. ನಾನು ನಡುವೆ ಕುಳಿತು ಆ ಕಡೆಯದನ್ನು ಈ ಕಡೆಗೆ, ಈ ಕಡೆಯದನ್ನು ಆ ಕಡೆಗೆ ಹೇಳುತ್ತಿದ್ದೆ. ಹೀಗೆ ಒಬ್ಬ ಕಲಾವಿದೆಯ ಬದುಕು ನನ್ನ ಕನ್ನಡದೊಳಗೆ ಇಳಿಯಿತು. ಹುಟ್ಟಿದ್ದು ಫ್ರಾನ್ಸಿನ ಬ್ರಿಟನಿ ಸೀಮೆಯ ಮೀನುಗಾರರ ಊರಿನಲ್ಲಿ. ಅಪ್ಪ ಸಮುದ್ರದಿಂದ ಮರಳಲಿಲ್ಲ. ಪ್ರತಿ ವರ್ಷ ಎಲೆ ಉದುರುವ ಕಾಲದಲ್ಲಿ ಸತ್ತವರ ಹಬ್ಬದಂದು ಅವಳ ತಾಯಿ ಮೇಜಿಗೆ ಬಿಳಿ ಬಟ್ಟೆ ಹಾಸಿ, ದೋಸೆಯಂಥ ತೆಳುವಾದ ರೊಟ್ಟಿ ಮತ್ತು ಹಾಲು ಇಟ್ಟು, ಒಲೆ ಆರಿಸದೆ ಮಕ್ಕಳನ್ನು ಕರೆದುಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ಸತ್ತವರು ಬಂದು ಉಣ್ಣಲಿ ಎಂದು. ಇದನ್ನು ನಾನು ಕನ್ನಡದಲ್ಲಿ ಹೇಳಿದಾಗ ಅವ್ವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಹಂಗಾರ ನಮ್ಮ ಪೈಕೀನ ಇವರು" ಎಂದಳು.

ಸೊಲಾಂಜ್ ಎಳೆಯ ವಯಸ್ಸಿನಲ್ಲೇ ಊರಿನ ತಟ್ಟೆ ಕಾರ್ಖಾನೆಯಲ್ಲಿ ಕೂಲಿಗೆ ಕುಳಿತು ತಟ್ಟೆಗಳ ಅಂಚಿಗೆ ಹೂಬಳ್ಳಿ ಬರೆದಳು. ಕೂಡಿಟ್ಟುಕೊಂಡು ಪ್ಯಾರಿಸಿನ ಕಲಾಶಾಲೆಗೆ ಹೋದಳು. ಅಲ್ಲಿಯ ಮೇಷ್ಟ್ರು ಅವಳ ಕೈ ನೋಡಿ, ತಟ್ಟೆಗೆ ಹೂ ಬರೆಯುವವಳು ತಟ್ಟೆಗೇ ಲಾಯಕ್ಕು ಎಂದು ಎಲ್ಲರ ಮುಂದೆ ನಗಾಡಿದ. ಅವಳು ತಟ್ಟೆಯನ್ನೇ ಹಿಡಿದಳು. ಜೀವಮಾನವಿಡೀ ಬರೆದದ್ದು ತಾಯಿ ಹಾಸಿದ ಆ ಮೇಜನ್ನೇ. ಕೊನೆಯ ವರ್ಷದಲ್ಲಿ ತಾಯಿ ಸತ್ತಳೆಂದು ಊರಿಗೆ ಹೋದವಳಿಗೆ ಪರೀಕ್ಷೆ ತಪ್ಪಿತು. ಶಾಲೆಯ ಸರ್ಟಿಫಿಕೇಟ್ ಸಿಗಲೇ ಇಲ್ಲ. ಯುದ್ಧ ಮುಗಿದ ಮೇಲೆ ಅಮೆರಿಕದ ಸೈನಿಕನೊಬ್ಬನನ್ನು ಮದುವೆಯಾಗಿ ಇಲ್ಲಿಗೆ ಬಂದು, ಪ್ಯಾಟರ್ಸನ್ನಿನ ರೇಷ್ಮೆ ಗಿರಣಿಯಲ್ಲಿ ಸೀರೆಯಗಲದ ಬಟ್ಟೆಗಳಿಗೆ ಹೂವು ಬರೆದಳು. ಗಿರಣಿ ಮುಚ್ಚುವವರೆಗೂ ಅದೇ ಕೆಲಸ. ಉಳಿದ ಹೊತ್ತಿನಲ್ಲಿ ಮಾಳಿಗೆ ಹತ್ತಿ ಮೇಜುಗಳನ್ನು ಬರೆದಳು. ನ್ಯೂಯಾರ್ಕಿನಲ್ಲಿ ಒಮ್ಮೆ ಪ್ರದರ್ಶನವಾಯಿತು. ಜನ ಬಂದು ನೋಡಿ, ಊಟದ ಕೋಣೆಯಲ್ಲಿ ಇವನ್ನು ತೂಗುಹಾಕಿಕೊಂಡರೆ ತುತ್ತು ಇಳಿಯುವುದಿಲ್ಲ ಎಂದು ಹೇಳಿ ಹೋದರಂತೆ. ಅದನ್ನು ಹೇಳುವಾಗ ಆಕೆ ನಕ್ಕಳು. ಅದೇ ತನಗೆ ಸಿಕ್ಕ ಒಳ್ಳೆಯ ವಿಮರ್ಶೆ ಎಂದಳು.

ನನಗೆ ಕಲಿಸಿದ್ದೂ ಆ ಖಾಲಿ ಮೇಜನ್ನೇ.

"ಮನುಷ್ಯರನ್ನು ಬರೆಯಬೇಡ. ಈಗಷ್ಟೇ ಎದ್ದು ಹೋದವರು ಯಾರೆಂದು ಗೊತ್ತಾಗುವ ಹಾಗೆ ತಟ್ಟೆಯನ್ನು ಬರೆ."

ಹುಡುಗರು ಉಂಡೆದ್ದ ಮೇಲೆ ನಾನು ತಟ್ಟೆ ತೊಳೆಯುವ ಮುಂಚೆ ಅವನ್ನು ಬರೆಯತೊಡಗಿದೆ. ಶ್ರೀಧರ ಕರಿಬೇವನ್ನು ಅಂಚಿಗೆ ಸಾಲಾಗಿ ಜೋಡಿಸಿಡುತ್ತಿದ್ದ. ಧಾರವಾಡದವನೊಬ್ಬ ಚಟ್ನಿಯಲ್ಲಿ ಬೆರಳಿನಿಂದ ಗೆರೆ ಎಳೆದಿರುತ್ತಿದ್ದ. ಮನೆಯಿಂದ ಫೋನ್ ಬಂದ ದಿನ ಒಬ್ಬನ ರೊಟ್ಟಿ ಮುರಿದಷ್ಟೇ ಇರುತ್ತಿತ್ತು. ತಟ್ಟೆ ನೋಡಿದರೆ ಆಳು ಕಾಣುತ್ತಿದ್ದ. ಎದುರು ಕುಳಿತಾಗ ಕಂಡದ್ದಕ್ಕಿಂತ ಹೆಚ್ಚು. ಎಷ್ಟೋ ಸಲ ಬರೆಯುತ್ತ ಬರೆಯುತ್ತ ಬೆನ್ನ ಹಿಂದೆ ಕುರ್ಚಿಯಲ್ಲಿ ಯಾರೋ ಮರಳಿ ಬಂದು ಕುಳಿತಂತಾಗಿ ತಿರುಗಿ ನೋಡಿದ್ದೇನೆ.

ಆಮೇಲೆ ಬಂದದ್ದು ಇಳಿತ. ಎರಡು ಸಾವಿರನೆಯ ಇಸವಿ ಏನೂ ಕೆಡಿಸದೆ ದಾಟಿತು. ಅದಾದ ಮೇಲೆ ಒಂದೊಂದೇ ಕಂಪನಿ ಬಾಗಿಲು ಹಾಕಿತು. ಮಾಮಾನ ಫೋನ್ ರಿಂಗಾಗುವುದು ನಿಂತಿತು. ವೀಸಾ ಮುಗಿದ ಹುಡುಗರು ಒಬ್ಬೊಬ್ಬರಾಗಿ ಸೂಟ್‌ಕೇಸ್ ಎತ್ತಿಕೊಂಡು ಹೊರಟರು, ಕಡೆಗೆ ಶ್ರೀಧರನೂ. ಅವ್ವ ರೂಢಿಯ ಕೈಯಿಂದ ಎಲ್ಲರ ತಟ್ಟೆ ಹಾಕುತ್ತಿದ್ದಳು. ಹಾಕಿ, ನೆನಪಾಗಿ, ಹಾಗೇ ಬಿಡುತ್ತಿದ್ದಳು. ಒಂದು ದಿನ ಶಾಲೆಯಿಂದ ಬಂದು ಬಾಗಿಲಲ್ಲಿ ನಿಂತೆ. ಉದ್ದನೆಯ ಮೇಜು, ತಟ್ಟೆಗಳು, ಹೊರಕ್ಕೆ ಸರಿದ ಕುರ್ಚಿಗಳು, ಒಬ್ಬರೂ ಇಲ್ಲ. ಗೋಡೆಯ ಮೇಲಿನದು ಕೆಳಗೆ ಇಳಿದು ಬಂದಿತ್ತು. ಕುತ್ತಿಗೆಯ ಕೂದಲು ನಿಮಿರಿತು. ಬ್ಯಾಗು ಕೆಳಗಿಟ್ಟು ಕುಳಿತು ಅದನ್ನು ಬರೆದೆ. ಕಾಲೇಜಿಗೆ ಅರ್ಜಿಯ ಜೊತೆ ಕಳಿಸಿದ್ದು ಅದೇ ಚಿತ್ರ. ಚಿತ್ರಕಲೆಯ ಇತಿಹಾಸ ಓದುತ್ತೇನೆ, ಮದಾಮವ್ವನ ಬಗ್ಗೆಯೇ ಬರೆಯುತ್ತೇನೆ ಎಂದು ಹೇಳಿದ್ದು ಆಗ. ಮುಳುಗಿದ ಕಂಪನಿಯ ಬಿಸಿಯಲ್ಲಿದ್ದ ಮಾಮಾ, ಈ ಜನ್ಮದಾಗ ಆಗೂದಿಲ್ಲ ಎಂದದ್ದೂ ಆಗಲೇ.

ಮದಾಮವ್ವ ಆ ಚಳಿಗಾಲದಲ್ಲಿ ಹೋದಳು. ನನಗಾಗಿ ಎರಡು ಚಿತ್ರ ಬಿಟ್ಟಿದ್ದಳು. ಒಂದು, ತಟ್ಟೆ ಹಿಡಿದ ಆ ಚಿತ್ರ. ಇನ್ನೊಂದು, ನರ್ಸಿಂಗ್ ಹೋಮಿನಲ್ಲಿ ಬರೆದ ಚಿಕ್ಕದು. ಅದನ್ನು ಕೊಟ್ಟ ನರ್ಸಮ್ಮ ಹೇಳಿದಳು, ಇದು ಆಕೆ ಇಲ್ಲಿಗೆ ಬಂದ ಮೊದಲ ವರ್ಷದ್ದು, ನೀವಿನ್ನೂ ಪರಿಚಯವಾಗಿರಲಿಲ್ಲ, ನಾವೆಲ್ಲ ದೋಣಿ ಎಂದುಕೊಂಡಿದ್ದೆವು ಎಂದು. ಬಿಳಿ ಮೇಜಿನ ಮೇಲೆ ತಟ್ಟೆಯ ಬದಲು ಉದ್ದನೆಯ ಹಸಿರು ಆಕಾರ, ನಡುವೆ ಒಂದು ಗೆರೆ. ಅದರ ಮೇಲೆ ಬಿಳಿ ಗುಡ್ಡೆ, ಬದಿಗೆ ಹಳದಿ ಗುಂಡು, ಮೇಲಂಚಿಗೆ ಎರಡು ಕಂದು ಕಲೆ. ನಾನು ಎಡಮೇಲಿನ ಮೂಲೆ ಹುಡುಕಿದೆ. ಅಲ್ಲಿ ಕುಂಚದ ತುದಿಯಿಂದ ಇಟ್ಟ ಒಂದು ಬಿಳಿ ಚುಕ್ಕೆಯಿತ್ತು. ಉಪ್ಪು. ಅವ್ವನಿಗೆ ತೋರಿಸಿದೆ. ಅವಳು ಒಂದೊಂದರ ಮೇಲೂ ಬೆರಳಿಟ್ಟು ನೋಡಿ, ಕೋಸಂಬರಿ ಒಂದು ಬಿಟ್ಟಾಳ ಎಂದಳು. ಮುಂದೆ ಕಾಲೇಜಿನಲ್ಲಿ ಪ್ರಬಂಧ ಬರೆಯುವಾಗ ಈ ಚಿತ್ರದ ಬಗ್ಗೆ ಒಂದು ಸಾಲನ್ನೂ ಬರೆಯಲಿಲ್ಲ. ಪ್ರೊಫೆಸರರು ಆಧಾರ ಕೇಳುತ್ತಾರೆ.

ಕಾಲೇಜು ಸುಲಭದಲ್ಲಿ ಆಗಲಿಲ್ಲ. ಗೆಸ್ಟ್ ಹೌಸ್ ಬಿಟ್ಟು ಹ್ಯಾರಿಸನ್ ಎಂಬ ಊರಿನ ಎರಡು ಕೋಣೆಯ ಮನೆಗೆ ಬಂದೆವು. ಅವ್ವ ಮನೆಮನೆಗೆ ರೊಟ್ಟಿ ಕಟ್ಟಿ ಕೊಟ್ಟಳು, ಅಪ್ಪ ಟ್ಯಾಕ್ಸಿ ಓಡಿಸಿದ. ನಾನು ಟ್ರೇನಿನಲ್ಲಿ ನಿಂತುಕೊಂಡೇ ಓದಿದೆ. ಸಿಕ್ಕ ಕೆಲಸ ಮಾಡಿದೆ. ಎರಡು ಸಲ ಓದು ನಿಲ್ಲಿಸಿ ಮತ್ತೆ ಸೇರಿದೆ. ಆದರೆ ಬಿಡಲಿಲ್ಲ. ಮದಾಮವ್ವ ತೀರಿದ ಮೇಲಿನ ಮೊದಲ ಅಮಾವಾಸ್ಯೆಗೆ, ಈಗ ಆಕೆಗೆ ಎಡೆ ಹಿಡಿಯಬಹುದಲ್ಲ ಎಂದು ಅವ್ವನನ್ನು ಕೇಳಿದ್ದೆ.

"ಬ್ಯಾಡ. ಸತ್ತ ಮ್ಯಾಲಿನ ಊಟ ಬದುಕಿದ್ದಾಗನ ಉಂಡು ಹೋಗ್ಯಾಳ. ಇನ್ನ ಆಕಿ ತಾಟಿಗೆ ಹಾಕೂದು ಬ್ಯಾರೆ ಏನರ ಇರಬೇಕು."



ಪದವಿಯ ದಿನ ನಮ್ಮ ಕಡೆಯಿಂದ ಮೂವರು ಬಂದಿದ್ದರು. ಅಪ್ಪ, ಅವ್ವ, ಟೈ ಕಟ್ಟಿಕೊಂಡ ಬಸಣ್ಣ ಮಾಮಾ. ನಮ್ಮ ವಂಶದಲ್ಲಿ ಯಾರೂ ಹತ್ತದ ಆ ವೇದಿಕೆಯನ್ನು ಹತ್ತಿ, ನನ್ನ ಹೆಸರು ಕೂಗಿದ್ದನ್ನು ಕೇಳಿ, ಕೈ ಚಾಚಿ ಆ ಹಾಳೆ ತೆಗೆದುಕೊಂಡೆ. ಹೆಮ್ಮೆ ಪಟ್ಟೆ. ಇವತ್ತಿಗೂ ಪಡುತ್ತೇನೆ. ಕೆಳಗಿಳಿದು ಅದನ್ನು ಅವ್ವನ ಕೈಗೆ ಕೊಟ್ಟೆ. ಮಾಮಾ ಟೈ ಸಡಿಲಿಸಿಕೊಳ್ಳುತ್ತ, "ಅಕ್ಕಾ, ಬರೆದಿಟ್ಕೋ ಅಂದಿದ್ನಿ. ಪುಣ್ಯಾಕ ನೀ ಬರೆದಿಟ್ಕೊಳ್ಳಿಲ್ಲ" ಎಂದರು. ಅವ್ವ ನಗಲಿಲ್ಲ. ಅವಳ ಲಕ್ಷ್ಯ ಬೇರೆ ಕಡೆಗಿತ್ತು. ಹಾಳೆಯನ್ನು ಸೆರಗಿನಲ್ಲಿ ಸುತ್ತಿ ಎದೆಗವಚಿಕೊಂಡು ಹ್ಯಾರಿಸನ್ನಿಗೆ ಬಂದಳು. ಚಪ್ಪಲಿ ಬಿಟ್ಟು ನೇರ ಒಳಕೋಣೆಗೆ ಹೋದಳು. ಅಲ್ಲಿ ಗೋಡೆಗೆ ಒರಗಿಸಿದ್ದ ಮದಾಮವ್ವನ ಚಿತ್ರದ ಮುಂದೆ ಬಾಳೆಎಲೆ ಹಾಸಿ, ಆ ಚಾಚಿದ ಖಾಲಿ ತಟ್ಟೆಗೆ ತಾಗುವ ಹಾಗೆ ಎಲೆಯ ಮೇಲೆ ಸರ್ಟಿಫಿಕೇಟನ್ನು ನಿಲ್ಲಿಸಿದಳು. ನಾನು ಮುಂದೆ ಹೋಗಿ ನೋಡಬೇಕೆಂದಿದ್ದೆ. ಅವ್ವ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದಳು.

"ಹೊರಗ ಬಾ. ಬಾಗಲಾ ಮುಚ್ಚು. ಆಕಿ ಓದ್ಲಿ."